ಪಟ್ಟ ಮತ್ತು ಹೊಣೆ: ಪಾಲ್ ವೈಟ್‌ಮನ್ ಅವರ ಸಂಗೀತ ಜೀವನ



ಸಂಗೀತದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಇಬ್ಬರ ಸುತ್ತ ಕಟ್ಟುತ್ತೇವೆ. ಒಬ್ಬರು ವಾಗ್ಗೇಯಕಾರರು, ಇನ್ನೊಬ್ಬರು ವಿದ್ವಾಂಸರು. ಕೃತಿಯನ್ನು ರಚಿಸಿದವರು ಯಾರು, ಅದನ್ನು ಹಾಡಿ ನುಡಿಸಿ ಬೆಳಗಿಸಿದವರು ಯಾರು ಎಂದು ಕೇಳುತ್ತೇವೆ. ಆದರೆ ಮೂರನೆಯವರೊಬ್ಬರೂ ಇದ್ದಾರೆ. ಕಲಾವಿದರನ್ನು ಕೂಡಿಸಿ ಅವರಿಗೆ ಸಂಬಳ ಕೊಡುವವರು, ಹೊಸ ಕೃತಿಯನ್ನು ಕೇಳಿ ಬರೆಸುವವರು, ಬರೆದದ್ದು ಜನರ ಕಿವಿಗೆ ಬೀಳುವಂತೆ ಏರ್ಪಾಡು ಮಾಡುವವರು. ಇವರನ್ನು ಆಶ್ರಯದಾತರೆಂದು ಕರೆದು, ಕೃತಜ್ಞತೆಯ ಒಂದು ಮಾತು ಹೇಳಿ ಮುಂದೆ ಸಾಗುವುದು ನಮ್ಮ ರೂಢಿ.

ಹಿಂದೆ ಆ ಆಶ್ರಯ ಅರಮನೆಯಿಂದ ಬರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅರಮನೆ ಖಾಲಿ ಮಾಡಿದ ಜಾಗಕ್ಕೆ ರೇಡಿಯೊ ಬಂತು. ಯಾವ ಸಂಗೀತಕ್ಕೆ ಅನ್ನ ಸಿಗಬೇಕು, ಯಾವುದಕ್ಕೆ ಕಿವಿ ಸಿಗಬೇಕು ಎಂಬ ತೀರ್ಮಾನ ಬಾನುಲಿ ಕೇಂದ್ರದ ಒಂದು ಕೋಣೆಯಲ್ಲಿ ಆಗತೊಡಗಿತು. ಆ ಕೋಣೆಯಲ್ಲಿ ಕೂತವರು ಎಲ್ಲಿಂದ ಬಂದರು, ಅಲ್ಲಿ ಕೂತು ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದನ್ನು ವಿಚಾರಿಸಲು ಒಬ್ಬರ ಜೀವನವನ್ನು ಈ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಅವರು ಅಮೆರಿಕದ ಪಾಲ್ ವೈಟ್‌ಮನ್. 1920ರ ದಶಕದಲ್ಲಿ ಅವರನ್ನು ‘ಜಾಝ್ ದೊರೆ’ ಎಂದು ಕರೆದರು. 1943ರಲ್ಲಿ ಅವರು ಬ್ಲೂ ನೆಟ್‌ವರ್ಕ್ ಎಂಬ ರೇಡಿಯೊ ಜಾಲದ ಸಂಗೀತ ನಿರ್ದೇಶಕರಾದರು. ಮೊದಲನೆಯದು ಪಟ್ಟ, ಎರಡನೆಯದು ಹೊಣೆ. ಪಟ್ಟ ಅವರದಾಗಿರಲಿಲ್ಲ, ಹೊಣೆ ಅವರಿಗೆ ತಕ್ಕದ್ದಾಗಿತ್ತು ಎಂಬುದು ನಾನು ನಿಮ್ಮ ಮುಂದೆ ಇಡಲಿರುವ ವಾದ.

1

ವೈಟ್‌ಮನ್ ಹುಟ್ಟಿದ್ದು 1890ರ ಮಾರ್ಚ್ 28ರಂದು, ಕೊಲೊರಾಡೊದ ಡೆನ್ವರ್ ನಗರದಲ್ಲಿ. ತಂದೆ ವಿಲ್ಬರ್‌ಫೋರ್ಸ್ ವೈಟ್‌ಮನ್ ಆ ಊರಿನ ಸರ್ಕಾರಿ ಶಾಲೆಗಳ ಸಂಗೀತ ಶಿಕ್ಷಣದ ಮೇಲ್ವಿಚಾರಕರು, ಶಿಸ್ತಿನ ಮನುಷ್ಯರು. ಮಗ ವಯೋಲ ಕಲಿತು ಡೆನ್ವರಿನಲ್ಲೂ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಸಿಂಫನಿ ವಾದ್ಯಗೋಷ್ಠಿಗಳಲ್ಲಿ ನುಡಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಬ್ಯಾಂಡನ್ನು ನಡೆಸಿದರು. ಅಂದರೆ ಅವರು ಬಂದದ್ದು ಬರೆದ ಸ್ವರವನ್ನು ನೋಡಿ ನುಡಿಸುವ ಪರಂಪರೆಯಿಂದ. ಜಾಝ್ ಅವರು ಹುಟ್ಟಿ ಬೆಳೆದ ಮನೆಯ ಸಂಗೀತವಲ್ಲ, ದೊಡ್ಡವರಾದ ಮೇಲೆ ಹೊರಗೆ ಕೇಳಿ ಮನಸೋತ ಸಂಗೀತ.

ಜಾಝ್ ರೂಪುಗೊಂಡದ್ದು ನ್ಯೂ ಆರ್ಲಿಯನ್ಸಿನ ಆಫ್ರಿಕನ್ ಅಮೆರಿಕನ್ ವಾದಕರ ಕೈಯಲ್ಲಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದರ ಜೀವ ಮನೋಧರ್ಮದಲ್ಲಿದೆ. ಒಂದು ಪರಿಚಿತ ಮಟ್ಟನ್ನೋ ಸ್ವರಸಂಗತಿಯ ಒಂದು ಆವರ್ತವನ್ನೋ ಆಧಾರವಾಗಿಟ್ಟುಕೊಂಡು ವಾದಕ ಆ ಕ್ಷಣದಲ್ಲಿ ತನ್ನದನ್ನು ಕಟ್ಟುತ್ತಾನೆ. ಪಲ್ಲವಿಯನ್ನು ಹಿಡಿದು ನೆರವಲ್ ಮಾಡುವ, ಕಲ್ಪನಾಸ್ವರ ಹಾಕುವ ವಿದ್ವಾಂಸರನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದಕ್ಕೂ ಅದಕ್ಕೂ ಒಂದು ವ್ಯತ್ಯಾಸವಿದೆ. ಆರಂಭದ ಜಾಝ್‌ನಲ್ಲಿ ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್ ಮೂರೂ ಒಟ್ಟಿಗೇ ಮನೋಧರ್ಮ ನಡೆಸುತ್ತವೆ. ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳುತ್ತಲೇ ತಮ್ಮ ದಾರಿ ಹುಡುಕಿಕೊಳ್ಳಬೇಕು. ಇದು ಕಾಗದದ ಮೇಲೆ ನಿಲ್ಲುವ ಸಂಗೀತವಲ್ಲ.

ವೈಟ್‌ಮನ್ ಅದನ್ನು ಕಾಗದದ ಮೇಲೆ ನಿಲ್ಲಿಸಹೊರಟರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೃತ್ಯಕ್ಕೆ ನುಡಿಸುವ ಬ್ಯಾಂಡು ಕಟ್ಟಿ, ಲಾಸ್ ಏಂಜಲೀಸಿಗೂ ಅಲ್ಲಿಂದ 1920ರಲ್ಲಿ ಪೂರ್ವ ಕರಾವಳಿಗೂ ಹೋದರು. ಅವರ ಜೊತೆಗಿದ್ದವರು ಫರ್ಡಿ ಗ್ರೋಫೆ ಎಂಬ ಪಿಯಾನೊ ವಾದಕ. ವಾದ್ಯಗಳಿಗೆ ಪಾತ್ರ ಹಂಚಿ ಬರೆಯುವ ಕೆಲಸವನ್ನು ಪಾಶ್ಚಾತ್ಯರು ಅರೇಂಜ್‌ಮೆಂಟ್ ಎನ್ನುತ್ತಾರೆ. ಮಟ್ಟು ಬೇರೆಯವರದಿರಬಹುದು. ಯಾವ ಸಾಲನ್ನು ಸ್ಯಾಕ್ಸೊಫೋನ್‌ಗಳು ಹಿಡಿಯಬೇಕು, ಯಾವಾಗ ಹಿತ್ತಾಳೆ ವಾದ್ಯಗಳು ಉತ್ತರ ಕೊಡಬೇಕು, ಎರಡನೆಯ ಬಾರಿ ಬರುವಾಗ ಅದೇ ಸಾಲು ಹೇಗೆ ಬಣ್ಣ ಬದಲಿಸಬೇಕು ಎಂಬುದೆಲ್ಲ ಅರೇಂಜರನ ನಿರ್ಣಯ. ನೃತ್ಯದ ಬ್ಯಾಂಡಿನಲ್ಲಿ ಈ ನಿರ್ಣಯಕ್ಕೆ ಒಂದು ಕಲೆಯ ಗೌರವ ತಂದುಕೊಟ್ಟವರಲ್ಲಿ ಗ್ರೋಫೆ ಮೊದಲಿಗರ ಸಾಲಿನಲ್ಲಿದ್ದಾರೆ. ಅವರಿಗೆ ಕೆಲಸ, ಸಮಯ, ವಾದಕರು ಮೂರನ್ನೂ ಒದಗಿಸಿದವರು ವೈಟ್‌ಮನ್.

1920ರಲ್ಲಿ ವಿಕ್ಟರ್ ಸಂಸ್ಥೆಗಾಗಿ ಅವರು ಧ್ವನಿಮುದ್ರಿಸಿದ ‘ವಿಸ್ಪರಿಂಗ್’ ಅಪಾರವಾಗಿ ಮಾರಾಟವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಪೂರ್ವ ಕರಾವಳಿಯಲ್ಲಿ ಅವರ ಹೆಸರಿನಡಿ ಸುಮಾರು 28 ಬ್ಯಾಂಡುಗಳು ನಡೆಯುತ್ತಿದ್ದವೆಂದು ಬರೆದಿದ್ದಾರೆ. ಒಬ್ಬ ಮನುಷ್ಯ ಒಂದೇ ಸಂಜೆ 28 ಕಡೆ ನುಡಿಸಲಾರ. ಬರೆದ ಸಂಗೀತವಾದರೆ ಎಲ್ಲ ಕಡೆಗೂ ಕಳಿಸಬಹುದು. ಅರೇಂಜ್‌ಮೆಂಟಿನ ಕಾಗದ ಕಲೆಯ ಸಾಧನವಾದಂತೆಯೇ ವ್ಯಾಪಾರದ ಸಾಧನವೂ ಆಯಿತು. ಮುಂದೆ ರೇಡಿಯೊದಲ್ಲಿ ಅವರು ವಹಿಸಿಕೊಂಡ ಕೆಲಸದ ಅಭ್ಯಾಸ ಆಗಲೇ ಶುರುವಾಗಿತ್ತು.

2

ಮಹನೀಯರೇ, ವೈಟ್‌ಮನ್ ಅವರ ಹೆಸರು ಸಂಗೀತದ ಚರಿತ್ರೆಯಲ್ಲಿ ಉಳಿದಿರುವುದು ಮುಖ್ಯವಾಗಿ ಒಂದು ಮಧ್ಯಾಹ್ನದಿಂದ. 1924ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಏಯೋಲಿಯನ್ ಹಾಲ್‌ನಲ್ಲಿ ‘ಆಧುನಿಕ ಸಂಗೀತದಲ್ಲಿ ಒಂದು ಪ್ರಯೋಗ’ ಎಂಬ ಹೆಸರಿನಲ್ಲಿ ಅವರು ಕಛೇರಿ ನಡೆಸಿದರು. ಅದಕ್ಕಾಗಿ ಜಾರ್ಜ್ ಗರ್ಶ್ವಿನ್ ಎಂಬ 25 ವರ್ಷದ ಗೀತಸಂಯೋಜಕರಿಂದ ‘ರ‍್ಯಾಪ್ಸಡಿ ಇನ್ ಬ್ಲೂ’ ಬರೆಸಿದರು. ತಾನು ಇಂಥದ್ದೊಂದು ಕೃತಿಯನ್ನು ಬರೆಯುತ್ತಿದ್ದೇನೆಂಬ ಸುದ್ದಿ ಜನವರಿಯ ಮೊದಲ ವಾರ ಪತ್ರಿಕೆಯಲ್ಲಿ ಅಚ್ಚಾದಾಗಲೇ ಗರ್ಶ್ವಿನ್ ಅವರಿಗೆ ಅದರ ತುರ್ತು ಅರಿವಾದದ್ದು. ಉಳಿದದ್ದು ಐದೇ ವಾರ.

ಆ ಐದು ವಾರಗಳಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗರ್ಶ್ವಿನ್ ಪಿಯಾನೊಗೆ ಬರೆಯುತ್ತಿದ್ದರು. ಆ ಹಾಳೆಗಳನ್ನು ತೆಗೆದುಕೊಂಡು ಗ್ರೋಫೆ ಇಡೀ ವಾದ್ಯವೃಂದಕ್ಕೆ ಪಾತ್ರ ಹಂಚಿದರು. ಅವರು ಕೆಲಸ ಮುಗಿಸಿದ್ದು ಫೆಬ್ರವರಿ 4ರಂದು, ಕಛೇರಿಗೆ ಎಂಟು ದಿನ ಮುಂಚೆ. ಅವರ ಹಸ್ತಪ್ರತಿಯಲ್ಲಿ ಕೆಲವೆಡೆ ವಾದ್ಯದ ಹೆಸರಿನ ಜಾಗದಲ್ಲಿ ವಾದಕರ ಹೆಸರೇ ಇದೆ. ‘ಕ್ಲಾರಿನೆಟ್’ ಎಂಬ ಅಮೂರ್ತ ದನಿಗೆ ಅವರು ಬರೆಯಲಿಲ್ಲ, ರಾಸ್ ಗೋರ್ಮನ್ ಎಂಬ ಮನುಷ್ಯನ ಉಸಿರಿಗೆ ಬರೆದರು. ಕೃತಿಯ ಆರಂಭದಲ್ಲಿ ಗರ್ಶ್ವಿನ್ 17 ಸ್ವರಗಳ ಒಂದು ಏರುಗತಿಯನ್ನು ಬಿಡಿಬಿಡಿಯಾಗಿ ಬರೆದಿದ್ದರು. ಅಭ್ಯಾಸದ ಹೊತ್ತಿನಲ್ಲಿ ಗೋರ್ಮನ್ ಅದನ್ನು ಬಿಡಿಸ್ವರಗಳಾಗಿ ನುಡಿಸದೆ, ನಾವು ಜಾರು ಎನ್ನುತ್ತೇವಲ್ಲ, ಹಾಗೆ ಒಂದೇ ಎಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದುಬಿಟ್ಟರು. ಗರ್ಶ್ವಿನ್ ಅದನ್ನೇ ಇಟ್ಟುಕೊಳ್ಳಲು ಹೇಳಿದರು. ಇಂದು ಆ ಕೃತಿಯನ್ನು ಗುರುತಿಸಲು ಆ ಜಾರು ಸಾಕು. ಪಿಯಾನೊದ ಭಾಗ ಕಛೇರಿಯ ದಿನದವರೆಗೂ ಪೂರ್ತಿ ಬರೆದಿರಲಿಲ್ಲ. ಒಂದೆಡೆ ಪಿಯಾನೊದವರು ತಲೆಯಾಡಿಸುವವರೆಗೆ ಕಾಯಬೇಕೆಂಬ ಸೂಚನೆ ಮಾತ್ರ ಇತ್ತು.

ಕಲ್ಪಿತ ಮತ್ತು ಮನೋಧರ್ಮ ಎಂಬ ಎರಡು ತುದಿಗಳ ನಡುವೆ ಈ ಕೃತಿ ಹುಟ್ಟಿತು ಎಂಬುದನ್ನು ಗಮನಿಸಬೇಕು. ಸಂಯೋಜಕನ ಮಟ್ಟು, ಅರೇಂಜರನ ಹಂಚಿಕೆ, ವಾದಕನ ತುಂಟ ಜಾರು, ಪಿಯಾನೊದವನ ಸ್ಥಳಸ್ಫೂರ್ತಿ ಎಲ್ಲವೂ ಅದರಲ್ಲಿವೆ. ವೈಟ್‌ಮನ್ ಬರೆದ ಒಂದೇ ಒಂದು ಸ್ವರ ಅದರಲ್ಲಿಲ್ಲ. ಆದರೆ ಅವರಿಲ್ಲದಿದ್ದರೆ ಆ ಕೃತಿಯಿಲ್ಲ. ಸಭಾಂಗಣವನ್ನು ಗೊತ್ತುಮಾಡಿ, 23 ವಾದಕರನ್ನು ಕೂಡಿಸಿ, ದಿನಾಂಕವನ್ನು ಸಾರ್ವಜನಿಕವಾಗಿ ಘೋಷಿಸಿ, ಯುವ ಸಂಯೋಜಕನೊಬ್ಬ ಹಿಂದೆ ಸರಿಯಲಾಗದಂತೆ ಮಾಡಿದ್ದು ಅವರ ಪಾಲು. ಇದನ್ನು ಕಡಿಮೆ ಪಾಲೆಂದು ನಾನು ತಿಳಿಯುವುದಿಲ್ಲ.

ಅದೇ ಕಛೇರಿಯ ಕ್ರಮವನ್ನು ನೋಡಿದರೆ ಅವರ ದೃಷ್ಟಿಯ ದೋಷವೂ ಕಾಣುತ್ತದೆ. ಮೊದಲು ‘ಲಿವರಿ ಸ್ಟೇಬಲ್ ಬ್ಲೂಸ್’ ಎಂಬ 1917ರ ಕೃತಿಯನ್ನು ನುಡಿಸಿ, ಜಾಝ್ ಹಿಂದೆ ಎಷ್ಟು ಒರಟಾಗಿತ್ತು ಎಂದು ತೋರಿಸಿದರು. ಆಮೇಲೆ ನಯಗೊಂಡ ರೂಪಗಳು ಬಂದವು. ಕೊನೆಗೆ ಇಂಗ್ಲೆಂಡಿನ ಎಲ್ಗರ್ ಅವರ ಮೆರವಣಿಗೆಯ ಸಂಗೀತ. ಕೇರಿಯಿಂದ ಸಭೆಗೆ, ಸಭೆಯಿಂದ ಸಾಮ್ರಾಜ್ಯಕ್ಕೆ ಎಂಬ ಏಣಿಯನ್ನು ಅವರು ನಿಲ್ಲಿಸಿದಂತಿತ್ತು. ಆ ಏಣಿಯ ಕೆಳಮೆಟ್ಟಿಲಿಗೆ ಮಾದರಿಯಾಗಿ ಆರಿಸಿಕೊಂಡದ್ದೂ ಬಿಳಿಯರ ಬ್ಯಾಂಡೊಂದು ಧ್ವನಿಮುದ್ರಿಸಿದ ಕೃತಿಯನ್ನೇ. ಜಾಝ್‌ನ ಮೂಲದವರು ಏಣಿಯ ಮೇಲೆ ಎಲ್ಲೂ ಇರಲಿಲ್ಲ.

3

‘ದೊರೆ’ ಎಂಬ ಪಟ್ಟದ ಪ್ರಶ್ನೆ ಇಲ್ಲಿ ಬರುತ್ತದೆ. ಇದನ್ನು ದಾಟಿಕೊಂಡು ಹೋಗುವುದು ನ್ಯಾಯವಲ್ಲ.

ವೈಟ್‌ಮನ್ ಅವರ ತಂದೆ ಡೆನ್ವರಿನಲ್ಲಿ ಅನೇಕ ಮಕ್ಕಳಿಗೆ ಸಂಗೀತ ಕಲಿಸಿದರು. ಅವರಲ್ಲಿ ಜಿಮ್ಮಿ ಲನ್ಸ್‌ಫರ್ಡ್ ಮತ್ತು ಆಂಡಿ ಕರ್ಕ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳಿದ್ದರು. ಇಬ್ಬರೂ ಮುಂದೆ ಶ್ರೇಷ್ಠ ಬ್ಯಾಂಡುಗಳ ನಾಯಕರಾದರು. ಲನ್ಸ್‌ಫರ್ಡ್ ಅವರ ಬ್ಯಾಂಡಿನ ಶಿಸ್ತು ಮತ್ತು ಕಾಂತಿ 1930ರ ದಶಕದಲ್ಲಿ ಎಲ್ಲರಿಗೂ ಮಾದರಿಯಾಗಿತ್ತು. ಗುರು ಒಬ್ಬರೇ, ಪಾಠ ಒಂದೇ. ಆದರೂ ಪ್ರಾಯೋಜಿತ ರೇಡಿಯೊ ಕಾರ್ಯಕ್ರಮದ ಬಾಗಿಲು, ರೇಡಿಯೊ ಜಾಲದ ನಿರ್ದೇಶಕರ ಕುರ್ಚಿ ಮಗನಿಗೆ ತೆರೆದಿದ್ದಂತೆ ಶಿಷ್ಯರಿಗೆ ತೆರೆದಿರಲಿಲ್ಲ. ಅಮೆರಿಕದ ವರ್ಣಭೇದವನ್ನು ವಿವರಿಸಲು ಇದಕ್ಕಿಂತ ಸರಳವಾದ ಉದಾಹರಣೆ ನನಗೆ ತಿಳಿದಿಲ್ಲ. ಜಾತಿಯ ಕಾರಣಕ್ಕೆ ಗುಡಿಯ ಹೊರಗೆ ನಿಂತೇ ನಾದಸ್ವರವನ್ನೋ ಡೋಲನ್ನೋ ನುಡಿಸಬೇಕಾಗಿದ್ದ ಮನೆತನಗಳನ್ನು ಬಲ್ಲ ನಮಗೆ ಇದು ದೂರದ ದೇಶದ ಸುದ್ದಿಯೇನೂ ಅಲ್ಲ.

ವೈಟ್‌ಮನ್ ಅವರ ನಡತೆ ಈ ವಿಷಯದಲ್ಲಿ ಮಿಶ್ರವಾಗಿತ್ತು. ಕಪ್ಪು ವಾದಕರನ್ನು ಸೇರಿಸಿಕೊಳ್ಳುವ ಯೋಚನೆ ಅವರಿಗಿತ್ತೆಂದೂ, ವ್ಯವಸ್ಥಾಪಕರು ಪ್ರವಾಸದ ಊಟ ವಸತಿಯ ತೊಡಕನ್ನು ಮುಂದೊಡ್ಡಿ ತಡೆದರೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ. ವೇದಿಕೆಯ ಮೇಲೆ ಕೂರಿಸದಿದ್ದವರಿಂದ ಅವರು ಬರೆಸಿದರು. ಡಾನ್ ರೆಡ್‌ಮನ್ ಅವರ ಅರೇಂಜ್‌ಮೆಂಟುಗಳನ್ನು ಕೊಂಡರು. ವಿಲಿಯಂ ಗ್ರಾಂಟ್ ಸ್ಟಿಲ್ ಅವರನ್ನು ತಮ್ಮ ರೇಡಿಯೊ ಕಾರ್ಯಕ್ರಮಕ್ಕೆ ಅರೇಂಜರಾಗಿ ನೇಮಿಸಿಕೊಂಡರು. ಇದೇ ಸ್ಟಿಲ್ ಅವರ ‘ಆಫ್ರೋ-ಅಮೆರಿಕನ್ ಸಿಂಫನಿ’ 1931ರಲ್ಲಿ ರಾಚೆಸ್ಟರಿನಲ್ಲಿ ಮೊದಲ ಬಾರಿಗೆ ನಡೆದು ಚರಿತ್ರೆಯಾಯಿತು. ಬರೆದ ಕೈ ಯಾರ ಕಣ್ಣಿಗೂ ಬೀಳದು ಎಂಬ ಕಾರಣಕ್ಕೇ ಅದಕ್ಕೆ ಕೆಲಸ ಸಿಕ್ಕಿತು ಎಂಬುದು ಬೇಸರದ ಸತ್ಯ.

1930ರಲ್ಲಿ ಯೂನಿವರ್ಸಲ್ ಸಂಸ್ಥೆ ‘ಕಿಂಗ್ ಆಫ್ ಜಾಝ್’ ಎಂಬ ವರ್ಣ ಚಲನಚಿತ್ರವನ್ನು ತೆಗೆಯಿತು. ಅದರ ಕೊನೆಯ ದೃಶ್ಯದಲ್ಲಿ ಒಂದು ದೈತ್ಯ ಕಡಾಯಿ ಇದೆ. ಅಮೆರಿಕದ ಸಂಗೀತ ಹೇಗೆ ಕುದಿದು ಪಾಕವಾಯಿತು ಎಂಬುದರ ರೂಪಕ ಅದು. ಯೂರೋಪಿನ ದೇಶಗಳು ಒಂದೊಂದಾಗಿ ತಮ್ಮ ಹಾಡು ಕುಣಿತಗಳೊಡನೆ ಬಂದು ಅದರೊಳಗೆ ಸೇರುತ್ತವೆ. ಆಫ್ರಿಕದ ಪಾಲು ಆ ಕಡಾಯಿಗೆ ಬೀಳುವುದೇ ಇಲ್ಲ. ಜಾಝ್ ಎಂಬ ಹೆಸರಿನ ಚಿತ್ರದ ಆ ದೃಶ್ಯದಲ್ಲಿ ಜಾಝ್ ಕೊಟ್ಟವರ ಹೆಸರು ಅಳಿಸಿದೆ. ಅಂಥ ಚಿತ್ರದ ನಾಯಕರಾಗಿ ನಿಂತವರನ್ನು ದೊರೆ ಎಂದು ಒಪ್ಪುವುದು ಹೇಗೆ? ಪಟ್ಟ ತಪ್ಪು ಎನ್ನಲು ನನಗಿರುವ ಕಾರಣ ಇದು. ಆದರೂ ಡ್ಯೂಕ್ ಎಲಿಂಗ್ಟನ್ ತಮ್ಮ ಆತ್ಮಕಥನದಲ್ಲಿ ವೈಟ್‌ಮನ್ ಅವರ ಬಗ್ಗೆ ಗೌರವದಿಂದಲೇ ಬರೆದಿದ್ದಾರೆ. ನೊಂದವರ ಔದಾರ್ಯ ಅದು. ಅದನ್ನು ಕೇಳಿ ತೀರ್ಪನ್ನು ಮೃದುಗೊಳಿಸಬಹುದು, ಬದಲಿಸಲಾಗದು.

4

ಇನ್ನು ಅವರ ಬ್ಯಾಂಡಿನೊಳಗೆ ಮನೋಧರ್ಮಕ್ಕೆ ಸಿಕ್ಕ ಜಾಗದ ಮಾತು. 1927ರ ಕೊನೆಯಲ್ಲಿ ಬಿಕ್ಸ್ ಬೈಡರ್‌ಬೆಕ್ ಎಂಬ ಕಾರ್ನೆಟ್ ವಾದಕರು ಸೇರಿದರು. ಬಿಲ್ ಚಾಲಿಸ್ ಎಂಬ ಅರೇಂಜರ್ ತಮ್ಮ ಬರಹದ ನಡುವೆ ಬಿಕ್ಸ್ ಅವರಿಗಾಗಿ ಖಾಲಿ ಜಾಗ ಬಿಡುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ವಾದ್ಯಗಳ ದಟ್ಟ ನೇಯ್ಗೆ ಹಿಂದೆ ಸರಿದು, ಒಂದು ಕಾರ್ನೆಟ್ಟಿನ ತಿಳಿದನಿ ಕೆಲವೇ ಆವರ್ತ ಮೂಡಿ ಮರೆಯಾಗುತ್ತದೆ. ಆ ಧ್ವನಿಮುದ್ರಿಕೆಗಳನ್ನು ಇಂದು ಜನ ಹುಡುಕಿ ಕೇಳುವುದು ಆ ಕೆಲವು ಆವರ್ತಗಳಿಗಾಗಿ. ಬಿಕ್ಸ್ ಅವರಿಗೆ ಕುಡಿತದ ಚಟವಿತ್ತು, ಆರೋಗ್ಯ ಕೆಟ್ಟಿತು. ಬಿಕ್ಸ್ ಅವರನ್ನು ವೈಟ್‌ಮನ್ ಮನೆಗೆ ಕಳಿಸಿ, ಸಂಬಳ ನಿಲ್ಲಿಸದೆ ಕಾದರು. 1931ರ ಆಗಸ್ಟಿನಲ್ಲಿ, 28ನೆಯ ವಯಸ್ಸಿನಲ್ಲಿ ಬಿಕ್ಸ್ ತೀರಿಕೊಂಡರು.

ಬಿಂಗ್ ಕ್ರಾಸ್ಬಿ ಅವರನ್ನು 1926ರಲ್ಲಿ ಸೇರಿಸಿಕೊಂಡದ್ದೂ, 1929ರಲ್ಲಿ ಮಿಲ್ಡ್ರೆಡ್ ಬೇಲಿ ಅವರನ್ನು ಬ್ಯಾಂಡಿನ ಖಾಯಂ ಗಾಯಕಿಯಾಗಿ ತಂದದ್ದೂ ಇದೇ ಕಣ್ಣಿನ ಕೆಲಸ. ನೃತ್ಯದ ದೊಡ್ಡ ಬ್ಯಾಂಡೊಂದರಲ್ಲಿ ಹೆಣ್ಣುಮಗಳೊಬ್ಬಳು ಖಾಯಂ ಗಾಯಕಿಯಾಗುವುದು ಆಗ ಹೊಸದು. ಮೈಕಿನ ಹತ್ತಿರ ನಿಂತು ಪಿಸುಮಾತಿನಂತೆ ಹಾಡುವ ಕ್ರಾಸ್ಬಿಯವರ ರೀತಿ ಸಭಾಂಗಣಕ್ಕಿಂತ ರೇಡಿಯೊಗೆ ಹೇಳಿಮಾಡಿಸಿದಂತಿತ್ತು. ವೈಟ್‌ಮನ್ ತಾವೇ ಅದ್ಭುತ ವಾದಕರಾಗಿರಲಿಲ್ಲ. ಯಾರು ಅದ್ಭುತರಾಗಬಲ್ಲರು ಎಂದು ತಿಳಿಯುವ ಕಿವಿ ಅವರಿಗಿತ್ತು. ಪ್ರಸಾರ ಸಂಸ್ಥೆಯ ಸಂಗೀತ ನಿರ್ದೇಶಕರಿಗೆ ಬೇಕಾದ ಮೊದಲ ಅರ್ಹತೆ ಇದೇ ಎಂದು ನನ್ನ ನಂಬಿಕೆ.

5

ಅಮೆರಿಕದಲ್ಲಿ ಎನ್‌ಬಿಸಿ ಜಾಲ 1926ರಲ್ಲಿ, ಸಿಬಿಎಸ್ 1927ರಲ್ಲಿ ಹುಟ್ಟಿದವು. ಅಲ್ಲಿ ರೇಡಿಯೊಗೆ ಹಣ ಬರುತ್ತಿದ್ದದ್ದು ಜಾಹೀರಾತುದಾರರಿಂದ. ಕಾರ್ಯಕ್ರಮದ ಹೆಸರಿನಲ್ಲೇ ಸರಕಿನ ಹೆಸರು ಇರುತ್ತಿತ್ತು. 1929ರಲ್ಲಿ ವೈಟ್‌ಮನ್ ನಡೆಸಿದ ಕಾರ್ಯಕ್ರಮಕ್ಕೆ ಓಲ್ಡ್ ಗೋಲ್ಡ್ ಎಂಬ ಸಿಗರೇಟಿನ ಹೆಸರು. 1933ರಲ್ಲಿ ಆರಂಭವಾದ ಕಾರ್ಯಕ್ರಮಕ್ಕೆ ಕ್ರಾಫ್ಟ್ ಎಂಬ ಚೀಸ್ ಕಂಪನಿಯ ಹೆಸರು. ಕೆಲವು ವರ್ಷಗಳಲ್ಲಿ ಆ ಕಾರ್ಯಕ್ರಮ ಅವರ ಬ್ಯಾಂಡಿನಲ್ಲೇ ಬೆಳೆದ ಕ್ರಾಸ್ಬಿ ಅವರ ಕೈಗೆ ಹೋಯಿತು. ಬ್ರಿಟನ್ನಿನಲ್ಲಿ ಕ್ರಮ ಬೇರೆಯಿತ್ತು. ಕೇಳುಗರು ಕಟ್ಟುವ ಲೈಸೆನ್ಸ್ ಶುಲ್ಕದಿಂದ ನಡೆಯುವ ಬಿಬಿಸಿ 1928ರಲ್ಲಿ ಜ್ಯಾಕ್ ಪೇಯ್ನ್ ಎಂಬ ಬ್ಯಾಂಡ್ ನಾಯಕರನ್ನು ನೃತ್ಯ ಸಂಗೀತದ ನಿರ್ದೇಶಕರಾಗಿ ನೇಮಿಸಿಕೊಂಡಿತು. 1932ರಲ್ಲಿ ಆ ಜಾಗಕ್ಕೆ ಹೆನ್ರಿ ಹಾಲ್ ಬಂದರು. ಹೋಟೆಲಿನ ನೃತ್ಯಾಂಗಣದಲ್ಲಿ ಪಳಗಿದವರನ್ನೇ ಎರಡೂ ದೇಶಗಳು ಕರೆದವು. ಗಡಿಯಾರದ ಮುಳ್ಳಿಗೆ ಸರಿಯಾಗಿ ನುಡಿಸುವುದು, ಎಲ್ಲ ಬಗೆಯ ಕೇಳುಗರನ್ನು ಅಳೆಯುವುದು, ಹತ್ತಾರು ವಾದಕರನ್ನು ಜಗಳವಿಲ್ಲದೆ ನಡೆಸುವುದು ಅವರಿಗೆ ಬರುತ್ತಿತ್ತು.

ವೈಟ್‌ಮನ್ ಬ್ಲೂ ನೆಟ್‌ವರ್ಕ್‌ಗೆ ಬಂದ ಗಳಿಗೆ ವಿಶೇಷವಾದದ್ದು. ಎನ್‌ಬಿಸಿ ಒಂದೇ ಸಂಸ್ಥೆಯಾಗಿ ರೆಡ್, ಬ್ಲೂ ಎಂಬ ಎರಡು ಜಾಲಗಳನ್ನು ನಡೆಸುತ್ತಿತ್ತು. ಇದು ಏಕಸ್ವಾಮ್ಯವೆಂದು ಸರ್ಕಾರದ ಸಂಪರ್ಕ ಆಯೋಗ 1941ರಲ್ಲಿ ವರದಿ ಕೊಟ್ಟಿತು. 1943ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಯೋಗದ ಅಧಿಕಾರವನ್ನು ಎತ್ತಿಹಿಡಿಯಿತು. ಅದೇ ವರ್ಷ ಬ್ಲೂ ಜಾಲವನ್ನು ಎಡ್ವರ್ಡ್ ನೋಬಲ್ ಎಂಬ ಮಿಠಾಯಿ ಉದ್ಯಮಿ 80 ಲಕ್ಷ ಡಾಲರಿಗೆ ಕೊಂಡರು. 1945ರಲ್ಲಿ ಅದೇ ಎಬಿಸಿ ಆಯಿತು. ಎರಡು ಜಾಲಗಳಲ್ಲಿ ಹೆಚ್ಚು ಜಾಹೀರಾತು ರೆಡ್ ಕಡೆಗಿತ್ತು. ಬ್ಲೂ ಬಳಿ ಮಾರಾಟವಾಗದ ಸಮಯ ಹೆಚ್ಚಿತ್ತು. ವ್ಯಾಪಾರಿಗೆ ಅದು ನಷ್ಟ. ಸಂಗೀತ ನಿರ್ದೇಶಕರಿಗೆ ಅದೇ ಬಂಡವಾಳ, ಯಾಕೆಂದರೆ ಮಾರಾಟವಾಗದ ಅರ್ಧ ಗಂಟೆಯಲ್ಲಿ ಯಾವ ಪ್ರಾಯೋಜಕನೂ ಮೂಗು ತೂರಿಸುವುದಿಲ್ಲ.

ಇನ್ನೊಂದು ಕಾರಣವೂ ಕೂಡಿತ್ತು. 1942ರ ಆಗಸ್ಟಿನಿಂದ ವಾದಕರ ಸಂಘ ಗ್ರಾಮಫೋನ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತ್ತು. ದೊಡ್ಡ ಕಂಪನಿಗಳಾದ ವಿಕ್ಟರ್ ಮತ್ತು ಕೊಲಂಬಿಯ ಒಪ್ಪಂದಕ್ಕೆ ಬಂದದ್ದು 1944ರ ನವೆಂಬರಿನಲ್ಲಿ. ಆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೊಸ ವಾದ್ಯಸಂಗೀತ ದೇಶಕ್ಕೆಲ್ಲ ಕೇಳುವ ಮುಖ್ಯ ದಾರಿ ರೇಡಿಯೊ ಒಂದೇ.

ಈ ಅವಕಾಶವನ್ನು ವೈಟ್‌ಮನ್ ಹೇಗೆ ಬಳಸಿದರು? ತಮ್ಮ ಹಳೆಯ ನೃತ್ಯಗೀತೆಗಳನ್ನು ಮತ್ತೆ ಮತ್ತೆ ನುಡಿಸಿ ಹೆಸರು ಉಳಿಸಿಕೊಳ್ಳಬಹುದಿತ್ತು. ಅವರು 1924ರಲ್ಲಿ ಮಾಡಿದ್ದನ್ನೇ ಸಂಸ್ಥೆಯ ಬಲದಿಂದ ಮತ್ತೆ ಮಾಡಿದರು, ಸಂಯೋಜಕರಿಂದ ಬರೆಸಿದರು. ಇಗೋರ್ ಸ್ಟ್ರಾವಿನ್‌ಸ್ಕಿ ಅವರ ‘ಸ್ಕೆರ್ಜೊ ಆ ಲಾ ರೂಸ್’ 1944ರ ಸೆಪ್ಟೆಂಬರಿನಲ್ಲಿ ವೈಟ್‌ಮನ್ ಅವರ ಪ್ರಸಾರದಲ್ಲಿ ಮೊದಲ ಬಾರಿ ಕೇಳಿಬಂತು. ಸುಮಾರು ನಾಲ್ಕು ನಿಮಿಷದ ಕೃತಿ ಅದು. ಅದರ ಮರುತಿಂಗಳು ಆರನ್ ಕಾಪ್ಲೆಂಡ್ ಅವರ ‘ಲೆಟರ್ ಫ್ರಂ ಹೋಂ’ ಪ್ರಸಾರವಾಯಿತು. ಲಕ್ಷಾಂತರ ಮನೆಗಳ ಮಕ್ಕಳು ಯುದ್ಧರಂಗದಲ್ಲಿದ್ದ ಹೊತ್ತಿನಲ್ಲಿ ಊರಿನಿಂದ ಬಂದ ಕಾಗದ ಎಂಬ ಹೆಸರೇ ಕೇಳುಗರ ಎದೆಗೆ ತಾಗುವಂತಿತ್ತು. ಡ್ಯೂಕ್ ಎಲಿಂಗ್ಟನ್ ಅವರಿಂದ ‘ಬ್ಲೂಟೋಪಿಯ’ ಎಂಬ ಕೃತಿಯನ್ನು ಬರೆಸಿದ್ದೂ ಇದೇ ಯೋಜನೆಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಎಲಿಂಗ್ಟನ್ ಅದನ್ನು ಕಾರ್ನೆಗಿ ಹಾಲ್‌ನಲ್ಲಿ ತಮ್ಮ ಬ್ಯಾಂಡಿನೊಡನೆ ನುಡಿಸಿದರು.

ಈ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿ. ರಷ್ಯದಿಂದ ಬಂದ ವಲಸಿಗ, ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಮನೆತನದವರು, ವಾಷಿಂಗ್ಟನ್ನಿನ ಕಪ್ಪು ಮನೆತನದ ಬ್ಯಾಂಡ್ ನಾಯಕ. 1930ರ ಚಿತ್ರದ ಕಡಾಯಿಗೆ ಬೀಳದೆ ಉಳಿದದ್ದು 1944ರ ಪ್ರಸಾರದ ಪಟ್ಟಿಯಲ್ಲಿ ಸಂಯೋಜಕನ ಹೆಸರಾಗಿ ಬಂದಿದೆ. ಇದು ಪ್ರಾಯಶ್ಚಿತ್ತವೇ ಎಂದು ನಾನು ಹೇಳಲಾರೆ, ಮನಸ್ಸಿನ ಒಳಗನ್ನು ಓದುವುದು ಚರಿತ್ರೆಯ ಕೆಲಸವಲ್ಲ. ಆದರೆ ಕೆಲಸದ ಸಾಕ್ಷ್ಯ ಇಲ್ಲಿದೆ. ಹೊಣೆ ಅವರಿಗೆ ತಕ್ಕದ್ದಾಗಿತ್ತು ಎಂದದ್ದು ಇದನ್ನು ನೆಚ್ಚಿಕೊಂಡು.

ಹಾಗೆಂದು ಇನ್ನೂ ಮಾಡಬಹುದಾಗಿದ್ದದ್ದನ್ನು ಮರೆಯಬಾರದು. ಸಿಬಿಎಸ್‌ನಲ್ಲಿ ಅದೇ ಕಾಲದಲ್ಲಿ ರೇಮಂಡ್ ಸ್ಕಾಟ್ ಎಂಬ ಇನ್ನೊಬ್ಬ ಬ್ಯಾಂಡ್ ನಾಯಕರು ಸಂಗೀತದ ಹೊಣೆ ಹೊತ್ತಿದ್ದರು. ಅವರು 1942ರಲ್ಲಿ ಬೆನ್ ವೆಬ್‌ಸ್ಟರ್, ಚಾರ್ಲಿ ಷೇವರ್ಸ್, ಕೋಝಿ ಕೋಲ್ ಮುಂತಾದ ಕಪ್ಪು ವಾದಕರನ್ನು ಬಿಳಿಯರ ಜೊತೆ ಒಂದೇ ಸ್ಟುಡಿಯೊ ವೃಂದದಲ್ಲಿ ಕೂರಿಸಿದರು. ಅದೂ ಆಗ ಸಾಧ್ಯವಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಕಾಲ ಹಾಗಿತ್ತು ಎಂದು ನಾವು ಹಿರಿಯರ ಪರವಾಗಿ ಹೇಳುವಾಗ, ಅದೇ ಕಾಲದಲ್ಲಿ ಬೇರೆ ರೀತಿ ನಡೆದುಕೊಂಡವರೂ ಇದ್ದರು ಎಂಬುದನ್ನು ಸೇರಿಸಿಯೇ ಹೇಳಬೇಕು.

6

ಯುದ್ಧ ಮುಗಿದ ಮೇಲೆ ರೇಡಿಯೊಗಾಗಿ ಹೊಸ ಕೃತಿ ಬರೆಸುವ ಈ ಬಾಗಿಲು ಬೇಗನೆ ಮುಚ್ಚಿತು. ಧ್ವನಿಮುದ್ರಿಕೆಗಳು ಮತ್ತೆ ಬಂದವು. ಒಂದು ವೃಂದವನ್ನು ಸಾಕುವ ಖರ್ಚಿಗಿಂತ ತಟ್ಟೆ ತಿರುಗಿಸುವ ಖರ್ಚು ಎಷ್ಟೋ ಕಡಿಮೆ. 1947ರಲ್ಲಿ ವೈಟ್‌ಮನ್ ಅವರೇ ಎಬಿಸಿಯಲ್ಲಿ ರೆಕಾರ್ಡುಗಳನ್ನು ಹಾಕಿ ಪರಿಚಯಿಸುವ ದೈನಂದಿನ ಕಾರ್ಯಕ್ರಮವನ್ನು ವಹಿಸಿಕೊಂಡರು. ಜೀವಂತ ವಾದಕರನ್ನು ಕೂಡಿಸಲು ಆಯುಷ್ಯ ತೆತ್ತವರು ಸೂಜಿಯನ್ನು ತಟ್ಟೆಯ ಮೇಲಿಡುವ ಕೆಲಸಕ್ಕೆ ಬಂದರು. 1949ರಿಂದ ಫಿಲಡೆಲ್ಫಿಯದಲ್ಲಿ ಹದಿಹರೆಯದವರಿಗಾಗಿ ದೂರದರ್ಶನದ ಕಾರ್ಯಕ್ರಮವೊಂದನ್ನು ನಡೆಸಿದರು. ಅಲ್ಲಿಯೂ ಹೊಸಬರನ್ನು ಹುಡುಕುವ ಚಾಳಿ ಅವರನ್ನು ಬಿಡಲಿಲ್ಲ. 1967ರ ಡಿಸೆಂಬರ್ 29ರಂದು ಪೆನ್ಸಿಲ್ವೇನಿಯದಲ್ಲಿ ಅವರು ತೀರಿಕೊಂಡರು.

ಈ ಜೀವನ ನಮಗೆ ಯಾಕೆ ಬೇಕು? ಕನ್ನಡ ನಾಡಿಗೆ ಆಶ್ರಯದ ಪ್ರಶ್ನೆ ಹೊಸದಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಮರೆವಿಗೆ ಸರಿಯುತ್ತಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದರು. ವೃದ್ಧ ಮೆಟ್ನರ್ ಅವರ ಪಿಯಾನೊ ಇಂದು ನಮಗೆ ಕೇಳುವುದು ಆ ಕಾರಣಕ್ಕೆ. ಪಟ್ಟವೂ ಹೊಣೆಯೂ ಒಂದೇ ಕೈಯಲ್ಲಿ ಸೇರಿದ ಅಪರೂಪದ ನಿದರ್ಶನ ಅದು. ಪಟ್ಟಗಳ ಕಾಲ ಮುಗಿದಿದೆ, ಹೊಣೆ ಸಂಸ್ಥೆಗಳಿಗೆ ಬಂದಿದೆ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಎಂದು ಹೆಸರಾದ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಆ ಹೊಣೆಯ ಒಂದು ಅಂಶ ನಮ್ಮಲ್ಲೂ ಶುರುವಾಯಿತು. ಮುಂದೆ ದೆಹಲಿ ಆಕಾಶವಾಣಿಯಲ್ಲಿ ಪಂಡಿತ್ ರವಿಶಂಕರ್ ವಾದ್ಯವೃಂದಕ್ಕೆ ರಾಗಾಧಾರಿತ ಕೃತಿಗಳನ್ನು ರಚಿಸಿದಾಗ ಎದುರಾದ ಪ್ರಶ್ನೆ ಗ್ರೋಫೆಯವರಿಗೆ ಎದುರಾದ ಪ್ರಶ್ನೆಗೆ ಹತ್ತಿರದ್ದು. ಮನೋಧರ್ಮದ ಸಂಗೀತವನ್ನು ಹಲವರು ಕೂಡಿ ನುಡಿಸಲು ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು? ಬರೆದದ್ದರಲ್ಲಿ ಒಬ್ಬ ಬಿಕ್ಸ್‌ಗೆ ಎಷ್ಟು ಆವರ್ತದ ಜಾಗ ಇಡಬೇಕು?

ಸಹೃದಯರೇ, ಈ ಜೀವನದಿಂದ ನಾನು ಎರಡು ನಿಯಮಗಳನ್ನು ಕಲಿತಿದ್ದೇನೆ. ಪ್ರಸಾರ ಸಂಸ್ಥೆ ಸಿದ್ಧವಿದ್ದದ್ದನ್ನು ಹಂಚಿದರೆ ಸಾಲದು, ಇಲ್ಲದ್ದನ್ನು ಕೇಳಿ ಬರೆಸಬೇಕು. ನಾಲ್ಕು ನಿಮಿಷದ ಕೃತಿಯಾದರೂ ಸರಿ, ದಿನಾಂಕ ಗೊತ್ತುಮಾಡಿ, ಸಂಭಾವನೆ ಕೊಟ್ಟು, ಸಂಯೋಜಕರ ಹೆಸರನ್ನು ಗಟ್ಟಿಯಾಗಿ ಹೇಳಿ ಬರೆಸಬೇಕು. ಎರಡನೆಯದು, ಯಾವ ಸಮುದಾಯದ ಬೆವರಿನಿಂದ ಒಂದು ಸಂಗೀತ ಹುಟ್ಟಿತೋ ಆ ಸಮುದಾಯದವರು ಬರೆಯುವ ಮೇಜಿನ ಮುಂದೆಯೂ ಮೈಕಿನ ಮುಂದೆಯೂ ನಿರ್ದೇಶಕರ ಕುರ್ಚಿಯಲ್ಲೂ ಕೂರುವಂತಾಗಬೇಕು. ವೈಟ್‌ಮನ್ ಮೊದಲನೆಯದನ್ನು ಎರಡು ಬಾರಿ ಸಾಧಿಸಿ ತೋರಿಸಿದರು, ಎರಡನೆಯದರಲ್ಲಿ ಅರ್ಧ ದಾರಿಯಲ್ಲೇ ನಿಂತರು.

ನಿಮ್ಮಲ್ಲಿ ಸಭೆಗಳನ್ನು ನಡೆಸುವವರಿದ್ದೀರಿ, ಬಾನುಲಿ ಮತ್ತು ದೂರದರ್ಶನದಲ್ಲಿ ದುಡಿದವರಿದ್ದೀರಿ, ದತ್ತಿಗಳನ್ನು ಇಟ್ಟವರಿದ್ದೀರಿ. ಮುಂದಿನ ವರ್ಷದ ಕಾರ್ಯಕ್ರಮಪಟ್ಟಿಯನ್ನು ಸಿದ್ಧಪಡಿಸುವಾಗ ಒಂದು ಸಂಜೆಯನ್ನು ಇನ್ನೂ ಹುಟ್ಟದ ಕೃತಿಗೆ ಮೀಸಲಿಡಿ. ಅದನ್ನು ಇದುವರೆಗೆ ನಿಮ್ಮ ವೇದಿಕೆ ಹತ್ತದ ಮನೆತನದ ಒಬ್ಬ ಯುವಕನಿಂದಲೋ ಯುವತಿಯಿಂದಲೋ ಬರೆಸಿ. ಇದು ನನ್ನ ವಿನಂತಿ.